ಟವೆಲ್ಲಿನ ಕೆಳಗಿನ ಮೂರನೇ ಬೆರಳು

ಕೈ ಸರಿಯಿಲ್ಲ ಅಂತ ಡಾಕ್ಟರ ಹತ್ತಿರ ಹೋಗುವವರು ಬರೀ ಕೈಯನ್ನು ತೆಗೆದುಕೊಂಡು ಹೋಗಬೇಡಿ. ಆ ಕೈ ಯಾವ ಕೆಲಸದಲ್ಲಿ ಕೆಡುತ್ತದೋ ಆ ಕೆಲಸವನ್ನೂ ಜೊತೆಗೆ ಒಯ್ಯಿರಿ. ದರ್ಜಿಯಾದರೆ ಕತ್ತರಿ, ಗುಮಾಸ್ತನಾದರೆ ಪೆನ್ನು. ನಾನು ಒಯ್ಯಬೇಕಾಗಿದ್ದದ್ದು ಒಂದು ಟವೆಲ್. ಅದು ಹೊಳೆಯಲು ನನಗೆ ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ನನ್ನ ಕೈಯ ಜೊತೆಗೆ ಇನ್ನೊಬ್ಬನ ಹೆಸರನ್ನೂ ಕೆಡಿಸಿದ್ದೆ.

ನಾನು ಕುಣಿಗಲ್‌ನವನು. ಹೆಸರು ನಂಜುಂಡಪ್ಪ, ಕಸುಬು ದನದ ದಲ್ಲಾಳಿ. ಹನ್ನೆರಡನೇ ವಯಸ್ಸಿಗೆ ಹೆಗಲ ಮೇಲೆ ಹಗ್ಗ, ಮೂಗುದಾರ ಹೊತ್ತುಕೊಂಡು ಮಾರಲು ಸಂತೆಗೆ ಬಂದೆ. ಹಗ್ಗ ಕೊಳ್ಳುವವರ ಎತ್ತುಗಳನ್ನು ನೋಡಿ ನೋಡಿ ಎತ್ತಿನ ಬೆಲೆ ಕಲಿತೆ. ಹೇಳಿಕೊಟ್ಟವರಿಲ್ಲ, ಕೈಹಿಡಿದು ನಡೆಸಿದವರಿಲ್ಲ. ಕಣ್ಣು, ನಾಲಿಗೆ, ಬಲಗೈ, ಈ ಮೂರೇ ನನ್ನ ಬಂಡವಾಳ. ಈಗ ಐವತ್ತನಾಲ್ಕು ನಡೆಯುತ್ತಿದೆ.

ನಮ್ಮ ಸಂತೆಯ ರೀತಿ ಗೊತ್ತಿಲ್ಲದವರಿಗೆ ಒಂದು ಮಾತು. ವ್ಯಾಪಾರ ಕುದುರುವವರೆಗೆ ನಾವು ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಸುತ್ತ ಹತ್ತು ಜನ ನಿಂತಿರುತ್ತಾರೆ, ಅವರ ಕಿವಿಗೆ ಬಿದ್ದರೆ ವ್ಯಾಪಾರ ಕೆಡುತ್ತದೆ. ದಲ್ಲಾಳಿ ತನ್ನ ಟವೆಲ್ಲನ್ನು ಇಬ್ಬರ ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಮಾರುವವನ ಬೆರಳು ಹಿಡಿಯುತ್ತಾನೆ. ಮೊದಲ ಹಿಡಿತ ಹತ್ತು ಸಾವಿರದ ಲೆಕ್ಕ, ಎರಡನೆಯದು ಸಾವಿರದ್ದು. ಎಷ್ಟು ಬೆರಳು ಹಿಡಿದರೆ ಅಷ್ಟು. ಹಿಡಿದಿರುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹುಬ್ಬು ಏರಿತೇ, ಗಂಟಲು ಅಲುಗಿತೇ ಅನ್ನುವುದರಲ್ಲೇ ವ್ಯಾಪಾರವಿದೆ. ಕೈಯ ಕಡೆಗೆ ಕಣ್ಣು ಹಾಯಿಸಿದವನು ಕಚ್ಚಾ ದಲ್ಲಾಳಿ. ಮೂವತ್ತು ವರ್ಷ ಸಾವಿರಾರು ಜನರ ಬೆರಳು ಹಿಡಿದ ನಾನು, ಹಿಡಿದಿರುವಾಗ ನನ್ನ ಕೈ ಹೇಗಿರುತ್ತದೆ ಅಂತ ಒಂದು ಸಲವೂ ನೋಡಿದವನಲ್ಲ. ಕಾಯಿಲೆ ಬಂದು ಕೂತದ್ದು ಸರಿಯಾಗಿ ಆ ಜಾಗದಲ್ಲೇ.

ಶುರುವಾದದ್ದು ಬಿಗಿತದಿಂದ. ಸಂತೆ ಮುಗಿಸಿ ಬಂದ ಸಂಜೆ ಮೊಣಕೈಯಿಂದ ಕೆಳಗೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಆಗುತ್ತಿತ್ತು. ಹೆಂಡತಿ ಗಿರಿಜ ಎಣ್ಣೆ ಬಿಸಿ ಮಾಡಿ ನೀವುತ್ತಿದ್ದಳು. ಮಾರನೇ ದಿನ ಏನೂ ಇಲ್ಲ. ಮುದ್ದೆ ಮುರಿಯುತ್ತಿದ್ದೆ, ಹಗ್ಗಕ್ಕೆ ಗಂಟು ಹಾಕುತ್ತಿದ್ದೆ, ಬೈಕ್ ಓಡಿಸುತ್ತಿದ್ದೆ, ಬ್ಯಾಂಕಿನಲ್ಲಿ ಸಹಿ ಹಾಕಿದರೆ ಅಕ್ಷರ ಅಲುಗುತ್ತಿರಲಿಲ್ಲ. ವಾರಕ್ಕೊಂದು ದಿನ, ಟವೆಲ್ಲಿನ ಕೆಳಗೆ ಮಾತ್ರ, ಕಿರುಬೆರಳೂ ಅದರ ಪಕ್ಕದ ಬೆರಳೂ ಹಟ ಹಿಡಿದಂತೆ ಸೆಳೆಯುತ್ತಿದ್ದವು. ಚಳಿ ಅಂದುಕೊಂಡೆ, ವಯಸ್ಸು ಅಂದುಕೊಂಡೆ, ಹಿಂದೊಮ್ಮೆ ಒಂದು ಹೋರಿ ಹಗ್ಗ ಜಗ್ಗಿದ್ದನ್ನು ನೆನಪಿಸಿಕೊಂಡೆ. ದಲ್ಲಾಳಿಗೆ ಕಾರಣ ಹುಟ್ಟಿಸುವುದು ಕಷ್ಟವೇ?

ಒಂದು ಸಂತೆಯಲ್ಲಿ ಚಿಕ್ಕಣ್ಣನ ಎತ್ತುಗಳು ಬಂದವು. ಚಿಕ್ಕಣ್ಣ ಹುಲಿಯೂರುದುರ್ಗದ ಕಡೆಯ ರೈತ, ಅರವತ್ತು ದಾಟಿದವನು, ಮಾತು ಕಡಿಮೆ. ಹಳ್ಳಿಕಾರ್ ಜೋಡಿ, ಒಂದೇ ಎತ್ತರ, ಒಂದೇ ನಡಿಗೆ. ನಾನು ಗುಬ್ಬಿ ಕಡೆಯ ಶಿವಣ್ಣ ಎಂಬ ಕೊಳ್ಳುವವನ ಪರ ನಿಂತಿದ್ದೆ. ಮೊದಲ ಹಿಡಿತದಲ್ಲಿ ತಕರಾರಿರಲಿಲ್ಲ. ಎರಡನೇ ಹಿಡಿತಕ್ಕೆ ಎರಡು ಬೆರಳು ಹಿಡಿದೆ. ಚಿಕ್ಕಣ್ಣ ನನ್ನ ಮುಖವನ್ನೇ ದಿಟ್ಟಿಸಿ "ಆಯ್ತು" ಅಂದ. ನಾನು ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು ಶಿವಣ್ಣನಿಗೆ ಕೇಳುವ ಹಾಗೆ ಬೆಲೆ ಹೇಳಿದೆ.

"ಎರಡಲ್ಲ, ಮೂರು" ಅಂದ ಚಿಕ್ಕಣ್ಣ.

"ನಾ ಹಿಡ್ದಿದ್ದು ಎರಡೇ ಚಿಕ್ಕಣ್ಣ."

"ಮೂರು ಬೆರಳು ಹಿಡ್ದೆ ಕಣಯ್ಯ. ನನ್ ಬೆರಳು ನಂಗೆ ಗೊತ್ತಾಗಲ್ವಾ?"

"ವಯಸ್ಸಾಯ್ತು, ಕೈ ಜೋಮು ಹಿಡ್ದಿರ್ತದೆ ಬುಡು" ಅಂದೆ. ಸುತ್ತಲಿನವರು ನಕ್ಕರು.

ಚಿಕ್ಕಣ್ಣ ನಗಲಿಲ್ಲ. "ಮೂರು" ಅಂತ ಇನ್ನೊಂದು ಸಲ ಅಂದ.

ಅದು ಸಾವಿರ ರೂಪಾಯಿಯ ಮಾತಾಗಿರಲಿಲ್ಲ. ಟವೆಲ್ಲಿನ ಕೆಳಗೆ ಸಾಕ್ಷಿ ಇಲ್ಲ. ಇಬ್ಬರ ಮಾತು ಬೇರೆಯಾದರೆ ಒಬ್ಬ ಸುಳ್ಳ ಎಂದೇ ಅರ್ಥ. ನಾನು ಕೊರಳಿನ ಲಿಂಗ ಮುಟ್ಟಿಕೊಂಡು, "ಎರಡಕ್ಕಿಂತ ಹೆಚ್ಚು ಹಿಡ್ದಿದ್ರೆ ಈ ಕೈ ಬಿದ್ದೋಗ್ಲಿ" ಅಂದೆ. ಆಮೇಲೆ ಯಾರೂ ಚಿಕ್ಕಣ್ಣನ ಪರ ಮಾತಾಡಲಿಲ್ಲ. ಅವನು ಹಗ್ಗವನ್ನು ಶಿವಣ್ಣನ ಕೈಗೆ ಕೊಟ್ಟ.

"ತಗೊಂಡೋಗು. ಎತ್ತು ಹೋದ್ರೆ ಹೋಗ್ಲಿ. ಸುಳ್ಳ ಅನ್ನಿಸ್ಕೊಂಡು ಇಲ್ಲಿ ನಿಂತ್ಕಳಕ್ಕೆ ನನ್ ಕೈಲಾಗಲ್ಲ."

ಆ ದಿನದ ನಂತರ ಚಿಕ್ಕಣ್ಣ ಕುಣಿಗಲ್ ಸಂತೆಗೆ ಕಾಲಿಡಲಿಲ್ಲ. ನಾನು ಅದನ್ನು ತಪ್ಪಿತಸ್ಥನ ಲಕ್ಷಣ ಎಂದೇ ನಾಲ್ಕು ಜನಕ್ಕೆ ಹೇಳಿದೆ.

ನಂತರದ ತಿಂಗಳುಗಳಲ್ಲಿ ಇಂಥದೇ ತಕರಾರು ಇನ್ನೂ ಮೂರು ಬಂದವು. ಪ್ರತಿ ಸಲವೂ ನಾನು ಹಿಡಿದ ಲೆಕ್ಕ ಬೇರೆ, ಎದುರಿನವನಿಗೆ ಸಿಕ್ಕಿದ ಲೆಕ್ಕ ಬೇರೆ. "ನಂಜುಂಡಪ್ಪಂಗೆ ಈಗ ಎರಡು ನಾಲಿಗೆ" ಅಂತ ಚಹದಂಗಡಿಯಲ್ಲಿ ಮಾತು ಎದ್ದಿತು. ನನ್ನ ಜೊತೆ ವ್ಯಾಪಾರಕ್ಕೆ ನಿಲ್ಲುವವರು ಬೆರಳು ಕೊಡುವ ಮೊದಲು ಯೋಚಿಸತೊಡಗಿದರು. ನಾನೋ ಸಿಟ್ಟಿನಿಂದ ಇನ್ನೂ ಬಿಗಿಯಾಗಿ ಹಿಡಿಯುತ್ತಿದ್ದೆ. ಬಿಗಿಯಾದಷ್ಟೂ ಬೆರಳುಗಳು ಹೆಚ್ಚು ಸೆಳೆದವು. ಈ ಕಾಯಿಲೆಯ ಮಟ್ಟಿಗೆ ಜೋರು ಮಾಡಿದಷ್ಟೂ ನಷ್ಟ. ಇದನ್ನು ಬರೆದಿಟ್ಟುಕೊಳ್ಳಿ.

ಮನೆಯಲ್ಲಿ ಬೇರೆಯದೇ ಲೆಕ್ಕ ನಡೆದಿತ್ತು. ನನ್ನ ಅಕ್ಕ ಆಣೆಯ ಸುದ್ದಿ ಕೇಳಿ ಬಂದು ಹಣೆ ಚಚ್ಚಿಕೊಂಡಳು. "ಆಣೆ ಇಕ್ಕೋದು ಇಕ್ಕಿದೆ, ಕೈ ಮೇಲೆ ಯಾಕ್ಲಾ ಇಕ್ಕಿದೆ? ಕೇಳಿಸ್ಕೊಂಡವ್ನೆ ನೋಡು ಶಿವ."

"ನಾ ಸುಳ್ಳು ಹೇಳಿಲ್ವಲ್ಲಕ್ಕ."

"ಹೇಳಿಲ್ದಿದ್ರೆ ಕೈ ಯಾಕೆ ಹಿಡ್ಕೊತದೆ?"

 ಗಿರಿಜ ದೇವರ ಮುಂದೆ ದೀಪ ಹಚ್ಚುವಾಗ ಒಂದು ನಿಮಿಷ ಹೆಚ್ಚು ನಿಲ್ಲತೊಡಗಿದಳು. ಆ ಒಂದು ನಿಮಿಷ ನನಗೆ ಅಕ್ಕನ ಮಾತಿಗಿಂತ ಭಾರವಾಗಿತ್ತು.

ವೈದ್ಯರನ್ನು ಕಂಡೆ. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ ಮೂಳೆ ಚೆನ್ನಾಗಿದೆ ಅಂದರು. ಸಕ್ಕರೆ ಪರೀಕ್ಷೆ ಮಾಡಿಸಿದೆ, ಸರಿಯಿತ್ತು. ಕೈ ಉಳುಕು ತೆಗೆಯುವ ಒಬ್ಬರು ನನ್ನ ಬೆರಳುಗಳನ್ನು ಹಿಂದಕ್ಕೆ ಬಗ್ಗಿಸಿ ನನ್ನ ಕಣ್ಣಲ್ಲಿ ನೀರು ಬರಿಸಿದರು. ಅವರಿಗೆ ದುಡ್ಡು ಕೊಟ್ಟದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಲಕ್ವ ಹೊಡೆಯುತ್ತಿದೆಯೇನೋ ಅಂತ ಹೆದರಿ ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿ ಮುಂದೆ ಹಲ್ಲು ಕಿರಿದು ಬಾಯಿ ಸೊಟ್ಟಗಾಗಿದೆಯೇ ನೋಡಿಕೊಳ್ಳುತ್ತಿದ್ದೆ. ಎತ್ತಿನ ಹಲ್ಲು ಎಣಿಸಿ ವಯಸ್ಸು ಹೇಳುವವನು ನಾನು, ನನ್ನ ಹಲ್ಲು ನೋಡಿ ಏನೂ ತಿಳಿಯಲಿಲ್ಲ. ತಲೆಯ ಸ್ಕ್ಯಾನ್ ಆಯಿತು, ಕೈಗೆ ಸಣ್ಣ ಸಣ್ಣ ಕರೆಂಟು ಕೊಟ್ಟು ನರದ ಪರೀಕ್ಷೆ ಆಯಿತು. ಎಲ್ಲ ಕಾಗದದ ಮೇಲೂ ನಾರ್ಮಲ್.

ರಿಪೋರ್ಟು ಸರಿಯಿದ್ದರೆ ಖುಷಿಪಡಬೇಕು ಅನ್ನುತ್ತಾರೆ. ಹಾಗಲ್ಲ. ಕಾಗದ ಸರಿಯಿದ್ದು ಕೈ ಸರಿಯಿಲ್ಲದಿದ್ದರೆ ಜನ ಕಾಗದವನ್ನು ನಂಬುತ್ತಾರೆ. ಸಂತೆಯಲ್ಲಿ ನನ್ನನ್ನು ಸುಳ್ಳ ಅಂದರು, ಈಗ ಆಸ್ಪತ್ರೆಯ ಕಾಗದವೂ ಅದನ್ನೇ ಹೇಳುತ್ತಿದೆ ಅನ್ನಿಸಿತು.

ಕೊನೆಗೆ ಸ್ಕ್ಯಾನ್ ಮಾಡಿಸಿದ ಕಡೆಯೇ ಒಬ್ಬರು ತುಮಕೂರಿನ ನರರೋಗ ತಜ್ಞೆಯೊಬ್ಬರ ಹತ್ತಿರ ಹೋಗಿ ಅಂದರು. ಗಿರಿಜಳೂ ನಾನೂ ಬೆಳಿಗ್ಗೆ ಬಸ್ಸಿಗೆ ಹೋದೆವು. ನಮ್ಮ ಟೋಕನ್ ಇಪ್ಪತ್ತಾರು. ಟೋಕನ್ ಬದಲಾಯಿಸಿಕೊಳ್ಳಲು ಹನ್ನೊಂದನೇ ನಂಬರಿನವನ ಜೊತೆ ಮಾತುಕತೆ ನಡೆಸಿದೆ, ಆಗಲಿಲ್ಲ. ಆಸ್ಪತ್ರೆಯಲ್ಲಿ ಕಾಯುವವರು ಮಾತ್ರ ಯಾವ ಬೆಲೆಗೂ ಬಗ್ಗುವುದಿಲ್ಲ.

ನನ್ನ ಪಕ್ಕದಲ್ಲಿ ಕೂತಿದ್ದವರು ಸರೋಜಮ್ಮ, ಗುಬ್ಬಿಯ ನಿವೃತ್ತ ಸ್ಕೂಲ್ ಮೇಡಂ. ಕಣ್ಣು ಮುಚ್ಚಿಕೊಂಡು ಕೂತಿದ್ದರು. ನಿದ್ದೆ ಅಂದುಕೊಂಡೆ. ಅವರು ಹುಬ್ಬಿನ ತುದಿಗೆ ಒಂದು ಬೆರಳು ಇಟ್ಟರು, ಕಣ್ಣು ತೆರೆದುಕೊಂಡಿತು. ಬೆರಳು ತೆಗೆದರು, ಮುಚ್ಚಿಕೊಂಡಿತು.

"ಸ್ವಿಚ್ಚು" ಅಂದರು ನನ್ನ ಕಡೆ ತಿರುಗಿ. "ಮೂವತ್ತು ವರ್ಷ ಮಕ್ಕಳನ್ನ ಕಣ್ಣು ಬಿಟ್ಟೇ ಹೆದರಿಸಿದೀನಿ. ಈಗ ಬಿಡೋಕೇ ಒಂದು ಬೆರಳು ಬೇಕು."

"ನೋವಿದೆಯಾ ಮೇಡಂ?"

"ನೋವಿಗಿಂತ ಜನದ ಮಾತು. ಮುಟ್ಟಿದ್ರೆ ತೆರ್ಕೊಳ್ಳುತ್ತೆ ಅಂದ್ಮೇಲೆ ನಾಟಕ ಅಂತಾರೆ. ನನ್ನ ತಮ್ಮನೇ ಅಂದ." ಕಣ್ಣು ಮುಚ್ಚಿಕೊಂಡೇ, "ನಿಮಗೂ ಅಂದಿದಾರೆ ಅಲ್ವಾ?" ಅಂದರು.

ನಾನು ಹೂಂ ಅಂದೆ. ಒಂದೂವರೆ ವರ್ಷದಲ್ಲಿ ಮೊದಲ ಸಲ ಯಾರೋ ನನ್ನನ್ನು ನಂಬಿದ್ದರು, ಅದೂ ಕಣ್ಣು ಮುಚ್ಚಿಕೊಂಡು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಫೈಲನ್ನು ಪಕ್ಕಕ್ಕಿಟ್ಟರು, ಅಲ್ಲೇ ನನಗೆ ಅವರ ಮೇಲೆ ಗೌರವ ಬಂತು. ಬರೆಸಿದರು, ಗುಂಡಿ ಹಾಕಿಸಿದರು, ನೀರಿನ ಲೋಟ ಎತ್ತಿಸಿದರು. ನನ್ನ ದರಿದ್ರ ಕೈ ಎಲ್ಲವನ್ನೂ ಒಳ್ಳೇ ಹುಡುಗನ ಹಾಗೆ ಮಾಡಿತು.

"ಯಾವಾಗ ಆಗತ್ತೆ, ಸರಿಯಾಗಿ ಹೇಳಿ."

"ಟವೆಲ್ ಕೆಳಗೆ ಮೇಡಂ."

ಅವರಿಗೆ ಅರ್ಥವಾಗಲಿಲ್ಲ. ನಮ್ಮ ರೀತಿಯನ್ನು ವಿವರಿಸಿದೆ. ಅವರು ಪೆನ್ನು ಕೆಳಗಿಟ್ಟು, "ಟವೆಲ್ ಇದೆಯಾ?" ಅಂದರು. ದಲ್ಲಾಳಿಯ ಹೆಗಲ ಮೇಲೆ ಟವೆಲ್ ಇಲ್ಲದಿರುತ್ತದೆಯೇ? ಆ ಟವೆಲ್ ಹಾಕಿಕೊಂಡೇ ನಾನು ಅಷ್ಟೂ ಡಾಕ್ಟರುಗಳ ಹತ್ತಿರ ಹೋಗಿಬಂದಿದ್ದೆ!

ಡಾಕ್ಟರಮ್ಮ ಕೈ ಚಾಚಿದರು. ನಾನು ಹಿಂಜರಿದೆ. ಸಂತೆಯಲ್ಲಿ ಹೆಂಗಸರ ಕೈ ಹಿಡಿದವನಲ್ಲ.

"ಹಿಡೀರಿ ಅತ್ಲಾಗೆ, ಡಾಕ್ಟ್ರು ಅವ್ರು" ಅಂದಳು ಗಿರಿಜ.

"ಯಾವುದರ ವ್ಯಾಪಾರ ಮೇಡಂ? ಸುಮ್ಸುಮ್ನೆ ಹಿಡಿದ್ರೆ ಬರಲ್ಲ."

"ನನ್ನ ಫೀಸಿಗೇ ಮಾಡಿ. ನೂರರ ಲೆಕ್ಕ."

ಇದಾದರೆ ನಿಜವಾದ ವ್ಯಾಪಾರ. ಟವೆಲ್ ಹೊದಿಸಿ, ಅವರ ಮುಖ ನೋಡುತ್ತಾ, ಎರಡು ಬೆರಳು ಹಿಡಿದೆ. ಕೂಡಲೇ ಮೊಣಕೈವರೆಗೆ ಬಿಗಿತ ಏರಿತು.

"ಎಷ್ಟು ಹಿಡಿದಿದೀರಿ?"

"ಎರಡು."

"ನನಗೆ ಮೂರು ಸಿಕ್ಕಿದೆ" ಅಂದರು. "ಕೈ ಬಿಡಬೇಡಿ. ಹಾಗೇ ಇರಿ." ಎಡಗೈಯಿಂದ ಟವೆಲ್ ಎತ್ತಿಬಿಟ್ಟರು.

ಮೂವತ್ತು ವರ್ಷದಲ್ಲಿ ನನ್ನ ಟವೆಲ್ಲನ್ನು ಇನ್ನೊಬ್ಬರು ಎತ್ತಿದ್ದಿಲ್ಲ. ನಾನು ಕೆಳಗೆ ನೋಡಿದೆ. ಹೆಬ್ಬೆರಳು ಮತ್ತು ಮೊದಲ ಎರಡು ಬೆರಳು ಅವರ ಎರಡು ಬೆರಳನ್ನು ಹಿಡಿದಿದ್ದವು, ನಾನು ಹೇಳಿದ ಹಾಗೇ. ಕೆಳಗೆ ನನ್ನ ಕಿರುಬೆರಳೂ ಅದರ ಪಕ್ಕದ್ದೂ ಕೊಕ್ಕೆಯಂತೆ ಮಡಚಿಕೊಂಡು ಅವರ ಮೂರನೇ ಬೆರಳನ್ನೂ ಒಳಗೆ ಎಳೆದುಕೊಂಡಿದ್ದವು. ಮಣಿಕಟ್ಟು ಒಳಕ್ಕೆ ತಿರುಚಿತ್ತು. ಬಿಗಿ ಇದೆಯೆಂದು ನನಗೆ ಗೊತ್ತಿತ್ತು. ಬೆರಳು ಎಲ್ಲಿದೆಯೆಂದು ಗೊತ್ತಿರಲಿಲ್ಲ. ಆ ಕೈ ನನ್ನದು ಅನ್ನಿಸಲಿಲ್ಲ. ಯಾರೋ ನನಗಿಂತ ಜಾಣ ದಲ್ಲಾಳಿ ಕೆಳಗೆ ಕೂತು ಬೇರೆ ಬೆಲೆ ಹೇಳುತ್ತಿದ್ದ ಹಾಗಿತ್ತು.

"ಇದಕ್ಕೆ ಡಿಸ್ಟೋನಿಯಾ ಅಂತಾರೆ" ಅಂದರು ಡಾಕ್ಟರಮ್ಮ. "ಮೆದುಳಿಂದ ಕೈಗೆ ಬರೋ ಅಪ್ಪಣೆ ದಾರೀಲಿ ಹೆಚ್ಚುಕಡಿಮೆ ಆಗ್ತಿದೆ. ಕೆಲವರಿಗೆ ಹೀಗೆ ಒಂದೇ ಒಂದು ಕೆಲಸದಲ್ಲಿ ಮಾತ್ರ ಬರತ್ತೆ. ಬರೆಯೋರಿಗೆ ಬರೆಯುವಾಗ, ವಾದ್ಯ ನುಡಿಸೋರಿಗೆ ನುಡಿಸುವಾಗ. ಈ ಥರದ್ದಕ್ಕೆ ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಏನೂ ಕಾಣಲ್ಲ. ಕಣ್ಣಲ್ಲಿ ನೋಡಬೇಕು."

"ಆಣೆ ಇಟ್ಟಿದ್ರು ಮೇಡಂ" ಅಂದಳು ಗಿರಿಜ. ಇಷ್ಟು ದಿನ ಒಳಗಿಟ್ಟುಕೊಂಡದ್ದು ಆಗ ಹೊರಬಂತು. "ಕೈ ಬಿದ್ದೋಗ್ಲಿ ಅಂದಿದ್ರು."

"ಆಣೆಯಿಂದ ಇದು ಬರಲ್ಲ ತಾಯಿ. ಆಣೆಯಿಂದ ಹೋಗೋದೂ ಇಲ್ಲ."

ಗಿರಿಜ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಮಾತ್ರ ಸಮಾಧಾನ ಆಗಲಿಲ್ಲ. ಟವೆಲ್ ಎತ್ತಿದ ಕ್ಷಣದಿಂದ ನನ್ನ ಕಣ್ಣ ಮುಂದಿದ್ದವನು ಚಿಕ್ಕಣ್ಣ. ಅವನು ಮೂರು ಅಂದಿದ್ದ. ಮೂರೇ ಆಗಿತ್ತು.

ಮುಂದಿನದನ್ನು ಕೇಳಿದೆ. ಪೂರ್ತಿ ಹೋಗುತ್ತದೆಯೇ? ಇಲ್ಲ, ಹತೋಟಿಯಲ್ಲಿ ಇಡಬಹುದು. ಹೇಗೆ? ಸೆಳೆಯುವ ಸ್ನಾಯುವಿಗೆ ಒಂದು ಇಂಜೆಕ್ಷನ್, ಅದು ಬೆರಳನ್ನು ಸಡಿಲ ಮಾಡುತ್ತದೆ. ಮೂರು ನಾಲ್ಕು ತಿಂಗಳಿಗೆ ಅದರ ಶಕ್ತಿ ಇಳಿಯುತ್ತದೆ, ಮತ್ತೆ ಬರಬೇಕು.

"ಅಂದ್ರೆ ಕೊಂಡ್ಕೊಳ್ಳೋದಲ್ಲ, ಗುತ್ತಿಗೆ."

"ಹೂಂ, ಗುತ್ತಿಗೆ" ಅಂದು ನಕ್ಕರು.

ಇಂಜೆಕ್ಷನ್ನಿನ ಬೆಲೆ ಕೇಳಿ ನನ್ನ ಹುಬ್ಬು ಏರಿತು. ಅದನ್ನು ಅವರು ನೋಡಿದರು. ಅವರಲ್ಲಿ ಒಂದೇ ದಿನ ಇಬ್ಬರು ಬಂದರೆ ಒಂದು ಬಾಟಲಿಯ ಔಷಧಿಯನ್ನು ಹಂಚಿ ಕೊಡುವ ಪದ್ಧತಿ ಇತ್ತು, ಖರ್ಚೂ ಹಂಚಿಹೋಗುತ್ತದೆ. ನಾನು ಹೊರಗೆ ಬಂದವನೇ ಸರೋಜಮ್ಮನವರ ಪಕ್ಕ ಕೂತೆ. ಅವರ ಕಣ್ಣಿನ ಸೆಳೆತಕ್ಕೂ ಇದೇ ಔಷಧಿಯಂತೆ. ಹತ್ತು ನಿಮಿಷದಲ್ಲಿ ದಿನ ನಿಗದಿಯಾಯಿತು: ಅವರ ಕಣ್ಣಿಗೆ, ನನ್ನ ಕೈಗೆ, ಮುಂದಿನ ಹದಿನೈದನೇ ದಿನ. ಇಂಥ ಹಂಚಿಕೆ ಇದೆಯೇ ಅಂತ ನೀವೂ ಕೇಳಿ, ನಾಚಬೇಡಿ. ಆದರೆ ಔಷಧಿಯ ಅಳತೆಯಲ್ಲಿ ಚೌಕಾಸಿ ಮಾಡಬೇಡಿ; ಅದು ಡಾಕ್ಟರ ಕಡೆಯ ವ್ಯಾಪಾರ. ಅಂದಹಾಗೆ, ಕೌಂಟರಿನ ಹುಡುಗಿ ಫೀಸನ್ನು ಪೂರ್ತಿಯೇ ತೆಗೆದುಕೊಂಡಳು. ಎರಡೂ ನಡೆಯಲಿಲ್ಲ, ಮೂರೂ ನಡೆಯಲಿಲ್ಲ.

ಬಸ್ಸಿನಲ್ಲಿ ಒಂದು ವಿಷಯ ಹೊಳೆಯಿತು. ಇಂಜೆಕ್ಷನ್ ಆದಮೇಲೆ ಬೆರಳು ಸಡಿಲವಾಗುತ್ತದೆ. ಆಮೇಲೆ ನಾನು ಚಿಕ್ಕಣ್ಣನ ಮುಂದೆ ನಿಂತು "ನಿನ್ನದೇ ಸರಿ" ಅಂದರೆ ಅದು ಬರೀ ಬಾಯಿಮಾತು. ಬಾಯಿಮಾತಿಗೆ ಸಂತೆಯಲ್ಲಿ ಬೆಲೆಯಿಲ್ಲ. ಅವನು ಸತ್ಯವಂತ ಅನ್ನುವುದಕ್ಕೆ ಈ ಲೋಕದಲ್ಲಿ ಇರುವ ಒಂದೇ ಸಾಕ್ಷಿ ನನ್ನ ಆ ಎರಡು ಕೆಟ್ಟ ಬೆರಳು. ಅವನ್ನು ಸರಿಮಾಡಿಸುವ ಮೊದಲು ಸಾಕ್ಷಿ ಹೇಳಿಸಬೇಕು.

ಗಿರಿಜಳಿಗೆ ಹೇಳಿದೆ. "ಕಂಡೋರ್ ಮುಂದೆ ಮಾನ ಕಳ್ಕೊಳ್ಳಕ್ಕೆ ಬಸ್ ಚಾರ್ಜು ಬೇರೆ" ಅಂದಳು. ಟಿಕೆಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಬಾಳೆಹಣ್ಣು ತಗೊಂಡೋಗಿ, ಬರಿಗೈಲಿ ಹೋಗ್ಬೇಡಿ" ಅಂದಳು.

ಹುಲಿಯೂರುದುರ್ಗದಲ್ಲಿ ಇಳಿದು ಆಟೋ ಹಿಡಿದು ಚಿಕ್ಕಣ್ಣನ ಊರಿಗೆ ಹೋದೆ. ಅವನು ಕೊಟ್ಟಿಗೆಯ ಮುಂದೆ ಮೇವು ಕತ್ತರಿಸುತ್ತಿದ್ದ. ಕೊಟ್ಟಿಗೆಯಲ್ಲಿ ಒಂದು ಸೀಮೆಹಸು, ಒಂದು ಎಳೆಗರು. ಎತ್ತು ಕಟ್ಟುವ ಗೂಟಗಳು ಖಾಲಿ.

"ಏನ್ ದಲ್ಲಾಳಿಗಳು ದಾರಿ ತಪ್ಪಿ ಬಂದವ್ರೆ" ಅಂದ, ಕೈ ನಿಲ್ಲಿಸದೆ.

"ದಾರಿ ತಪ್ಪಿದ್ದು ಹೋದ ವರ್ಷ ಚಿಕ್ಕಣ್ಣ. ಈಗ ಸರಿಯಾಗೇ ಬಂದಿದೀನಿ."

"ಮಾತು ಚೆನ್ನಾಗ್ ಆಡ್ತೀಯ. ಅವತ್ತೂ ಚೆನ್ನಾಗೇ ಆಡ್ದೆ."

ಅವನ ಹೆಂಡತಿ ನೀರು ತಂದುಕೊಟ್ಟಳು, ಕೂತುಕೊಳ್ಳಿ ಅನ್ನಲಿಲ್ಲ. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಕಾಯಿಲೆಯ ಹೆಸರು ಹೇಳಿದಾಗ ಚಿಕ್ಕಣ್ಣ, "ಅದೇನೋ ನಂಗೆ ತಿಳಿಯಕ್ಕಿಲ್ಲ" ಅಂದ. ನಾನು ಹೆಗಲಿನ ಟವೆಲ್ ತೆಗೆದೆ. ಅವನು ಬಹಳ ಹೊತ್ತು ಅದನ್ನೇ ನೋಡಿ, ಕುಡುಗೋಲು ಕೆಳಗಿಟ್ಟು, ಕೈ ಒರೆಸಿಕೊಂಡು ಚಾಚಿದ.

ಎರಡು ಹಿಡಿದೆ.

"ಈಗ್ಲೂ ಮೂರೇ ಕಣಯ್ಯ" ಅಂದ.

"ಬಟ್ಟೆ ಎತ್ತು."

ಅವನು ಎತ್ತಲಿಲ್ಲ. ಒಬ್ಬರ ಟವೆಲ್ ಇನ್ನೊಬ್ಬರು ಎತ್ತುವುದಿಲ್ಲ, ಅವನಿಗೆ ಆ ಮರ್ಯಾದೆ ಗೊತ್ತು. ನಾನೇ ಎಡಗೈಯಿಂದ ತೆಗೆದೆ. ಇಬ್ಬರೂ ಬಗ್ಗಿ ನೋಡಿದೆವು. ಅವನು ನನ್ನ ಕಿರುಬೆರಳನ್ನು ಬಿಡಿಸಲು ನೋಡಿದ, ಅದು ಮತ್ತೆ ಮಡಚಿಕೊಂಡಿತು. ಇನ್ನೊಮ್ಮೆ ಬಿಡಿಸಿದ, ಮತ್ತೆ ಮಡಚಿತು.

"ನೋಯ್ತದಾ?" ಅಂದ.

ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದೆ. ಈ ಪ್ರಶ್ನೆಗಲ್ಲ. ಜೇಬಿನಿಂದ ಸಾವಿರ ತೆಗೆಯಲು ಹೋದೆ.

"ಅದ್ನ ಒಳಗಿಡು. ನನ್ನ ಸುಳ್ಳ ಅಂದಿದ್ದು ಇಲ್ಲಲ್ಲ. ಎಲ್ಲಂದ್ಯೋ ಅಲ್ಲಿ ಹೇಳು."

ಇಂಜೆಕ್ಷನ್ನಿಗೆ ಇನ್ನು ಆರು ದಿನ ಇತ್ತು. ನಡುವೆ ಒಂದು ಸಂತೆ. ಅದು ನನಗೂ ಅವನಿಗೂ ಗೊತ್ತಿತ್ತು.

ಆ ಸಂತೆಗೆ ಚಿಕ್ಕಣ್ಣ ಬಂದ, ಬರಿಗೈಯಲ್ಲಿ. ಅವತ್ತು ವ್ಯಾಪಾರ ನಡೆದ ಜಾಗದಲ್ಲೇ ನಿಂತೆವು. ನಾನು ಜನ ಸೇರಿಸುವುದರಲ್ಲಿ ಪಳಗಿದವನು, ಸೇರಿಸಿದೆ. ಟವೆಲ್ ಹೊದಿಸಿ ಅವನ ಬೆರಳು ಹಿಡಿದು, "ಎರಡು ಹಿಡ್ದಿದೀನಿ" ಅಂತ ಗಟ್ಟಿಯಾಗಿ ಹೇಳಿ, ಎಲ್ಲರ ಎದುರು ಟವೆಲ್ ತೆಗೆದೆ.

ಹಿಂದೆ ನಿಂತವರು ಮುಂದಿನವರ ಹೆಗಲ ಮೇಲಿಂದ ಕತ್ತು ಚಾಚಿದರು. ವ್ಯಾಪಾರದ ಕೈಯನ್ನು ಬಯಲಿನಲ್ಲಿ ನೋಡಿದ್ದು ಅಲ್ಲಿದ್ದವರಿಗೆಲ್ಲ ಅದೇ ಮೊದಲು.

"ಚಿಕ್ಕಣ್ಣ ಹೇಳಿದ್ದು ನಿಜ. ನಾನಿಟ್ಟ ಆಣೆ ತಪ್ಪು" ಅಂದೆ.

ಹಿಂದಿನಿಂದ ಒಬ್ಬ ಮುದುಕ ದಲ್ಲಾಳಿ, "ಅಯ್ಯೋ, ಮೊದ್ಲೇ ಗೊತ್ತಿದ್ರೆ ಇವನ ಜೊತೇನೇ ಎಲ್ಲಾ ಮಾರ್ತಿದ್ನಲ್ಲೋ! ಒಂದೊಂದ್ ಬೆರಳು ಲಾಭ" ಅಂದ. ಸಂತೆಯೇ ನಕ್ಕಿತು. ಈ ಸಲ ಚಿಕ್ಕಣ್ಣನೂ ನಕ್ಕ. ನನಗೆ ಮೈ ಉರಿಯಿತು, ಆದರೂ ನಕ್ಕೆ. ಅದು ನಾನು ಕೊಡಬೇಕಾಗಿದ್ದ ಬೆಲೆ, ಚೌಕಾಸಿ ಮಾಡಲಿಲ್ಲ.

ಇಂಜೆಕ್ಷನ್ ದಿನ ಸರೋಜಮ್ಮ ಮೊದಲು ಒಳಗೆ ಹೋದರು. ಹೊರಗೆ ಬಂದು "ಇರುವೆ ಕಚ್ಚಿದ ಹಾಗೆ, ಹೆದರಬೇಡಿ" ಅಂದರು. ಸುಳ್ಳು. ದೊಡ್ಡ ಇರುವೆ. ಮೊದಲ ವಾರ ಏನೂ ಆಗಲಿಲ್ಲ, ದುಡ್ಡು ನೀರಿಗೆ ಹೋಯಿತು ಅಂದುಕೊಂಡೆ. ಎರಡನೇ ವಾರ ಸೆಳೆತ ಸಡಿಲಿತು, ಜೊತೆಗೆ ಹಿಡಿತವೂ. ಕಾಫಿ ಲೋಟ ಜಾರಿ ತೊಡೆ ಮೇಲೆ ಬಿತ್ತು. ಇದನ್ನು ಮೊದಲೇ ಕೇಳಿ ತಿಳಿದುಕೊಂಡಿರಿ, ಇಲ್ಲದಿದ್ದರೆ ಕೈ ಹೋಯಿತೆಂದು ಹೆದರುತ್ತೀರಿ. ಕೆಲವು ವಾರಕ್ಕೆ ಅದು ಒಂದು ಹದಕ್ಕೆ ಬಂತು. ಜೊತೆಗೆ ಕೊಟ್ಟ ಮಾತ್ರೆ ಬಾಯಿ ಒಣಗಿಸುತ್ತಿತ್ತು. ನಾಲಿಗೆ ಒಣಗಿದ ದಲ್ಲಾಳಿ ಯಾವ ಕೆಲಸಕ್ಕೆ? ಡಾಕ್ಟರಿಗೆ ಹೇಳಿದೆ, ಅವರೇ ಕಡಿಮೆ ಮಾಡಿದರು. ನೀವಾಗಿ ನಿಲ್ಲಿಸಬೇಡಿ, ಹೇಳಿ ನಿಲ್ಲಿಸಿ.

ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಕಲಿಸುವವರು ಇನ್ನೊಂದು ಹೇಳಿಕೊಟ್ಟರು: ಮೆಲ್ಲಗೆ ಹಿಡಿ, ಕೈಯನ್ನು ನೋಡುತ್ತಾ ಹಿಡಿ. ದಿನಾ ಸಂಜೆ ಗಿರಿಜಳ ಬೆರಳು ಹಿಡಿದು ಅಭ್ಯಾಸ ಮಾಡಿದೆ, ಮೊದಲು ಟವೆಲ್ ಇಲ್ಲದೆ, ಆಮೇಲೆ ಹಾಕಿಕೊಂಡು. ಅವಳು ಸುಮ್ಮನೆ ಕೈ ಕೊಡುವವಳಲ್ಲ, ಸೀರೆಯ ಬೆಲೆಗೆ ವ್ಯಾಪಾರ ಮಾಡುತ್ತಿದ್ದಳು. ಸರೋಜಮ್ಮನವರ ಹುಬ್ಬಿನ ಸ್ವಿಚ್ಚನ್ನು ನೆನೆದು ನಾನೂ ನನ್ನದೊಂದು ಹುಡುಕಿಕೊಂಡೆ: ಕಿರುಬೆರಳಿನ ಸಂದಿಯಲ್ಲಿ ಒಂದು ಹುಣಸೆಬೀಜ ಇಟ್ಟುಕೊಂಡರೆ ಸೆಳೆತ ಮರೆತುಹೋಗುತ್ತದೆ. ಎಲ್ಲ ದಿನವೂ ಅಲ್ಲ, ಹೆಚ್ಚಿನ ದಿನ. ಯಾಕೆ ಅಂತ ಡಾಕ್ಟರಮ್ಮನನ್ನು ಕೇಳಿದೆ. ಕೆಲವರಿಗೆ ಇಂಥ ಸ್ಪರ್ಶ ಕೆಲಸ ಮಾಡುತ್ತದೆ, ಪೂರ್ತಿ ಕಾರಣ ನಮಗೂ ಗೊತ್ತಿಲ್ಲ ಅಂದರು. ಗೊತ್ತಿಲ್ಲ ಅನ್ನುವ ಡಾಕ್ಟರನ್ನು ಕಳೆದುಕೊಳ್ಳಬೇಡಿ.

ಮೂರನೇ ಇಂಜೆಕ್ಷನ್ ಆಗಿ ಒಂದು ತಿಂಗಳಿಗೆ ಚಿಕ್ಕಣ್ಣ ತನ್ನ ಸೀಮೆಹಸುವಿನ ಕರುವನ್ನು, ಈಗ ಅದು ಬೆಳೆದ ಕಡಸು, ಸಂತೆಗೆ ಹೊಡೆದುಕೊಂಡು ಬಂದ. ಕೊಳ್ಳುವವರ ಕಡೆ ನಾನಿದ್ದೆ. ನಾಲ್ಕೈದು ಜನ ತಮ್ಮ ವ್ಯಾಪಾರ ಬಿಟ್ಟು ನೋಡಲು ಬಂದರು. ಹುಣಸೆಬೀಜವನ್ನು ಸಂದಿಗಿಟ್ಟು ಟವೆಲ್ ಹೊದಿಸಿದೆ. ಮೊದಲ ಹಿಡಿತ ಸರಿಹೋಯಿತು. ಎರಡನೆಯದಕ್ಕೆ ಮೆಲ್ಲಗೆ ಎರಡು ಬೆರಳು ಹಿಡಿದೆ.

ಚಿಕ್ಕಣ್ಣ ಕಣ್ಣು ಮುಚ್ಚಿಕೊಂಡ. ಸಂತೆಯಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಅವನು ನನ್ನ ಮುಖವನ್ನು ನಂಬಲಿಲ್ಲ, ಬೆರಳನ್ನೇ ಕೇಳಿಸಿಕೊಳ್ಳುತ್ತಿದ್ದ. ಕೊನೆಗೆ ಕಣ್ಣು ಬಿಟ್ಟ.

"ಎರಡು" ಅಂದ, ಎಲ್ಲರಿಗೂ ಕೇಳುವ ಹಾಗೆ. "ಇವತ್ತು ಅಪ್ಪಟ ಎರಡು."

 ಟವೆಲ್ ತೆಗೆಯಲು ಹೋದೆ. ಅವನು ಕೈ ಬಿಡಲಿಲ್ಲ.

"ಆದ್ರೆ ನಂಗೆ ಮೂರು ಬೇಕು ಕಣಯ್ಯ" ಅಂದ. "ಸರಿಯಾಗ್ ಹಿಡಿ."